ಮೊಬೈಲಿನಲ್ಲಿ ಜನಪದ ಹಾಡಿ ಕೇಳುಗರನ್ನು ಗಳಿಸುವುದು ಹೇಗೆ?

ಧಾರವಾಡದಲ್ಲಿ ನನ್ನ ಹತ್ತಿರ ಜನಪದ ಕಲಿಯಲು ಬರುವ ಮಕ್ಕಳಲ್ಲಿ ಹೆಚ್ಚಿನವರು 14ರಿಂದ 17 ವರ್ಷದವರು. ಹೆಚ್ಚುಕಡಿಮೆ ಎಲ್ಲರಿಗೂ ಒಂದು ಯೂಟ್ಯೂಬ್ ಚಾನೆಲ್ ಇದೆ. ಎದುರಿಗೆ ಕೂತು ಹಾಡಿದರೆ ಮೈ ಜುಮ್ ಅನ್ನುವ ದನಿ. ಅದೇ ದನಿಯನ್ನು ಚಾನೆಲ್‌ನಲ್ಲಿ ಕೇಳಿದರೆ ಬಾವಿಯೊಳಗಿಂದ ಯಾರೋ ಕೂಗಿದ ಹಾಗೆ ಇರುತ್ತದೆ. ನಾಲ್ಕು ತಿಂಗಳು ಹಾಕಿ, "ಜನಪದ ಈಗ ಯಾರೂ ಕೇಳಂಗಿಲ್ರಿ ಅಕ್ಕೋರೆ" ಎಂದು ಬಿಟ್ಟುಬಿಡುತ್ತಾರೆ. ಕೇಳುವವರು ಇದ್ದಾರೆ. ಈ ಮಕ್ಕಳ ದನಿ ಅವರ ಕಿವಿವರೆಗೆ ಹೋಗುತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1. ಪದ ಆರಿಸುವುದು

ಎಲ್ಲರೂ ಹಾಡುತ್ತಿರುವ ಪದ ಬೇಡ. ನಿಮ್ಮ ಮನೆಯ ಪದ ಹಾಡಿ. ಅಜ್ಜಿ ಬೀಸುಕಲ್ಲಿನ ಮುಂದೆ ಹೇಳುತ್ತಿದ್ದ ತ್ರಿಪದಿ, ಅತ್ತೆಗೆ ಗೊತ್ತಿರುವ ಸೋಬಾನೆ, ಓಣಿಯ ಭಜನಾ ಮೇಳದ ತತ್ವಪದ. ಇಂಥದ್ದು ಬೇರೆ ಚಾನೆಲ್‌ನಲ್ಲಿ ಸಿಗುವುದು ಕಡಿಮೆ. ಯಾರಿಂದ ಕಲಿತಿರೋ ಅವರ ಹೆಸರನ್ನು, ಅವರನ್ನು ಕೇಳಿಕೊಂಡೇ, ವಿಡಿಯೊ ಕೆಳಗೆ ಬರೆಯಿರಿ.

ಇಲ್ಲಿ ಒಂದು ವಿಷಯಕ್ಕೆ ಎಡವುವವರು ಬಹಳ. ಹಳೆಯ ಪದ, ಯಾರದೂ ಅಲ್ಲ ಅಂದುಕೊಂಡು ಹಾಕುತ್ತಾರೆ. ಆಮೇಲೆ ಹಕ್ಕುಸ್ವಾಮ್ಯದ ನೋಟಿಸು ಬಂದರೆ ಗಾಬರಿಯಾಗುತ್ತಾರೆ. ಶಿಶುನಾಳ ಶರೀಫರು ತೀರಿಕೊಂಡಿದ್ದು 1889ರಲ್ಲಿ. ಅವರ ಪದಗಳನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಇವತ್ತು ನಮ್ಮ ಬಾಯಲ್ಲಿರುವ ಎಷ್ಟೋ ಶರೀಫರ ಪದಗಳಿಗೆ ರಾಗ ಹಾಕಿದವರು ಸಿ. ಅಶ್ವತ್ಥ್. ಅವರು ತೀರಿಕೊಂಡಿದ್ದು 2009ರಲ್ಲಿ. ನಮ್ಮ ಕಾನೂನಿನ ಪ್ರಕಾರ ರಾಗ ಕಟ್ಟಿದವರು ಹೋದ ಮೇಲೂ 60 ವರ್ಷ ಆ ರಾಗದ ಹಕ್ಕು ಉಳಿಯುತ್ತದೆ. ಹಾಗಾಗಿ ಶರೀಫರನ್ನು ಹಾಡುವುದಾದರೆ ಊರಿನ ಭಜನಾ ಮೇಳದ ಹಳೆಯ ಧಾಟಿಯಲ್ಲಿ ಹಾಡಿ. ಅದು ಕೇಳುವವರಿಗೂ ಹೊಸದು ಅನ್ನಿಸುತ್ತದೆ. ಬೇರೆಯವರ ಟ್ರ್ಯಾಕ್ ಇಳಿಸಿಕೊಂಡು ಅದರ ಮೇಲೆ ಹಾಡುವುದನ್ನಂತೂ ಮಾಡಲೇಬೇಡಿ.

2. ದನಿ ಹಿಡಿಯುವುದು

ಎಲ್ಲರೂ ಕೆಡಿಸುವುದು ಇಲ್ಲೇ. ನಿಧಾನವಾಗಿ ಓದಿ.

ಮೊದಲು ಕೋಣೆ. ತಗಡಿನ ಮನೆ, ಟೈಲ್ಸ್ ಹಾಕಿದ ಖಾಲಿ ಹಾಲ್, ಎರಡೂ ಬೇಡ. ಕೋಣೆಯ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಚಪ್ಪಾಳೆಯ ಹಿಂದೆ ಠಣ್ ಎನ್ನುವ ಬಾಲ ಉಳಿದರೆ ಆ ಕೋಣೆ ಬಿಡಿ. ಹಾಸಿಗೆ ಪೇರಿಸಿಟ್ಟ, ಬಟ್ಟೆ ತುಂಬಿದ ಸಣ್ಣ ಕೋಣೆ ಚೆನ್ನ. ಹಗ್ಗ ಕಟ್ಟಿ ಬೆನ್ನ ಹಿಂದೆ ಒಂದು ಕೌದಿ, ಮುಖದ ಎದುರು ಒಂದು ಕೌದಿ ಇಳಿಬಿಡಿ. ಹಳೆ ಸೀರೆಗಳನ್ನು ಪದರ ಪದರವಾಗಿ ಹೊಲಿದ ನಮ್ಮ ಕೌದಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅಂಗಡಿಯಲ್ಲಿ ಸಿಗುವ ತೆಳು ಸ್ಪಂಜಿನ ಹಾಳೆಗೆ ದುಡ್ಡು ಹಾಕಬೇಡಿ.

ಫ್ಯಾನ್ ಆರಿಸಿ. ಫ್ರಿಜ್ ಪಕ್ಕದಲ್ಲಿದ್ದರೆ ಅದನ್ನೂ ಆರಿಸಿ, ಮುಗಿದ ಮೇಲೆ ಮರೆಯದೆ ಹಾಕಿ. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ತನ್ನಿ. ಮಧ್ಯಾಹ್ನ ಊಟ ಮುಗಿದು ಓಣಿ ಮಲಗಿರುವ ಹೊತ್ತು ಒಳ್ಳೆಯದು. ಬೆಳಗಿನ ಜಾವ ಶಾಂತ ಎನ್ನುತ್ತಾರೆ, ಆದರೆ ಗಂಟಲು ಇನ್ನೂ ಬಿಟ್ಟಿರುವುದಿಲ್ಲ.

ಈಗ ಮೊಬೈಲ್. ಮೈಕ್ ಎಲ್ಲಿದೆ ಎಂದು ಎಷ್ಟೋ ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಸಾಮಾನ್ಯವಾಗಿ ಚಾರ್ಜರ್ ಸಿಕ್ಕಿಸುವ ತೂತಿನ ಪಕ್ಕದ ಸಣ್ಣ ಚುಕ್ಕಿಯೇ ಮೈಕ್. ಕೈಯಲ್ಲಿ ಹಿಡಿದು ಹಾಡಿದರೆ ಅಂಗೈ ಅದನ್ನು ಮುಚ್ಚುತ್ತದೆ. ಹಾಗಾಗಿ ಮೊಬೈಲನ್ನು ಕೈಯಲ್ಲಿ ಹಿಡಿಯಲೇಬೇಡಿ. ಮಡಚಿದ ಟವೆಲ್ ಮೇಲೆ ಇಡಿ, ಮೈಕ್ ನಿಮ್ಮ ಕಡೆ ಇರಲಿ. ಬಾಯಿಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲ, ಸ್ವಲ್ಪ ಓರೆಗೆ. ನೇರ ಇಟ್ಟರೆ ಪ, ಫ, ಭ ಬಂದಾಗಲೆಲ್ಲ ಉಸಿರು ಮೈಕಿಗೆ ಬಡಿದು ಬುಸ್ ಎನ್ನುತ್ತದೆ.

ಜನಪದದಲ್ಲಿ ಏರುದನಿ ಜಾಸ್ತಿ. ಪದದ ಎಲ್ಲಕ್ಕಿಂತ ಏರಿನ ಸಾಲು ಯಾವುದೋ ಅದನ್ನೇ ಮೊದಲು ಪರೀಕ್ಷೆಗೆ ಹಾಡಿ. ರೆಕಾರ್ಡಿಂಗ್ ಆ್ಯಪ್‌ನಲ್ಲಿ ಕಾಣುವ ಅಲೆಯ ಗೆರೆ ಮೇಲಿನ ಅಂಚಿಗೆ ಬಡಿದು ಚಪ್ಪಟೆಯಾದರೆ ದನಿ ಒಡೆದಿದೆ. ಒಡೆದ ದನಿಯನ್ನು ಯಾವ ಆ್ಯಪೂ ಸರಿ ಮಾಡಲಾರದು. ಇನ್ನೊಂದು ಗೇಣು ಹಿಂದೆ ಸರಿಯಿರಿ, ಮತ್ತೆ ಅದೇ ಸಾಲು ಹಾಡಿ ನೋಡಿ. ಶ್ರುತಿಯನ್ನೂ ಆ ಸಾಲಿನ ಲೆಕ್ಕಕ್ಕೇ ಹಿಡಿಯಿರಿ. ದೊಡ್ಡ ಗಾಯಕಿಯ ಶ್ರುತಿಗೆ ನಿಮ್ಮ ಗಂಟಲನ್ನು ಹಿಗ್ಗಿಸುವುದು ಬೇಡ. ತಂಬೂರಿ ಆ್ಯಪ್ ಇನ್ನೊಂದು ಫೋನಿನಲ್ಲಿ ಇರಲಿ, ಇಯರ್‌ಫೋನ್ ಒಂದು ಕಿವಿಗೆ ಮಾತ್ರ. ಇನ್ನೊಂದು ಕಿವಿ ನಿಮ್ಮ ದನಿಗೆ.

ಒಂದು ನುಡಿ, ಅಂದರೆ ಪದದ ಒಂದು ಚರಣ ಹಾಡಿ, ನಿಲ್ಲಿಸಿ, ಇಯರ್‌ಫೋನ್‌ನಲ್ಲಿ ಕೇಳಿ. ಸಾಲಿನ ಕೊನೆಯ ಅಕ್ಷರ ಪೂರ್ತಿ ಕೇಳುತ್ತದೆಯಾ? ಳ ಮತ್ತು ಲ ಬೇರೆ ಬೇರೆ ಕೇಳುತ್ತವೆಯಾ? ಪದ ಗೊತ್ತಿಲ್ಲದವರಿಗೆ ಒಂದು ಸಲ ಕೇಳಿಸಿ, ಮಾತು ತಿಳಿಯಿತಾ ಎಂದು ಕೇಳಿ. ತಿಳಿಯಲಿಲ್ಲ ಎಂದರೆ ಮತ್ತೆ ಹಾಡಬೇಕು. ಆರೇಳು ಸಲ ಹಾಡುವುದು ಮಾಮೂಲು.

ಎಕೋ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ, ಹಾಕಬೇಡಿ. ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳನ್ನು ಒಂದು ಸ್ಟುಡಿಯೊಗೆ ಕರೆದುಕೊಂಡು ಹೋಗಿದ್ದೆ. 6,000 ರೂಪಾಯಿ ಕೊಟ್ಟೆವು. ವಾಪಸು ಬಂದ ಹಾಡಿನಲ್ಲಿ ಒಂದು ಸಾಲು ಮುಗಿಯುವ ಮೊದಲೇ ಹಿಂದಿನ ಸಾಲು ತಿರುಗಿ ಬಂದು ಅದರ ಮೇಲೆ ಬೀಳುತ್ತಿತ್ತು. ಒಂದು ಮಾತೂ ತಿಳಿಯಲಿಲ್ಲ. ಅವಳಮ್ಮ ಹೊಲದ ಕೂಲಿಯಲ್ಲಿ ಕೂಡಿಟ್ಟ ದುಡ್ಡು ಅದು. ನನಗೆ ಇವತ್ತಿಗೂ ಸಂಕಟ ಆಗುತ್ತದೆ. ಜನಪದ ಅಂದರೆ ಮಾತು. ಮಾತು ಮುಚ್ಚುವ ಯಾವುದೂ ನಮಗೆ ಬೇಡ.

ಬಣ್ಣದ ಲೈಟು ಮಿನುಗುವ ಬ್ಲೂಟೂತ್ ಮೈಕೂ ಅಷ್ಟೇ. ಮುನ್ನೂರು ರೂಪಾಯಿಯ ಕಾಲರ್ ಮೈಕ್ ಇನ್ನೂ ಕೆಟ್ಟದ್ದು. ಗದ್ದಲ ತೆಗೆಯುವ ಸೌಲಭ್ಯ ಎಂದು ಅದರ ಡಬ್ಬಿ ಮೇಲೆ ಬರೆದಿರುತ್ತದೆ. ಅದು ಮಾತಿಗೆ ಮಾಡಿದ್ದು. ನಾವು ಎಳೆದು ಹಾಡುವ ಸ್ವರವನ್ನೂ ಗದ್ದಲ ಅಂದುಕೊಂಡು ನುಂಗಿಬಿಡುತ್ತದೆ. ಬರೀ ಮೊಬೈಲಿನ ಮೈಕೇ ವಾಸಿ.

3. ವಿಡಿಯೊ

ಕಿಟಕಿ ಬೆಳಕಿಗೆ ಮುಖ ಮಾಡಿ ಕೂರಿ, ಅಷ್ಟು ಸಾಕು. ವಿಡಿಯೊ ಇನ್ನೊಂದು ಫೋನಿನಲ್ಲಿ ತೆಗೆಯುತ್ತಿದ್ದರೆ ಶುರುವಿಗೆ ಒಂದು ಚಪ್ಪಾಳೆ ತಟ್ಟಿ. ಆಮೇಲೆ ಆ ಚಪ್ಪಾಳೆಗೆ ಚಿತ್ರ ಮತ್ತು ದನಿ ಎರಡನ್ನೂ ಹೊಂದಿಸಬಹುದು. "ಹಾಯ್ ಫ್ರೆಂಡ್ಸ್" ಎಂಬ ಪೀಠಿಕೆ ಬೇಡ, ನೇರವಾಗಿ ಪದ ಎತ್ತಿಕೊಳ್ಳಿ.

4. ಯಾವಾಗ ಹಾಕಬೇಕು

ನಮ್ಮ ಪದಗಳಿಗೆ ಪಂಚಾಂಗ ಇದೆ. ಆಷಾಢದ ಮಂಗಳವಾರಗಳಿಗೆ ಗುಳ್ಳವ್ವನ ಪದ, ನಾಗರ ಪಂಚಮಿಗೆ ಜೋಕಾಲಿ ಪದ, ಭಾದ್ರಪದಕ್ಕೆ ಜೋಕುಮಾರನ ಪದ, ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿಯ ಪದ. ಹಬ್ಬಕ್ಕೆ ಎಂಟು ದಿನ ಮೊದಲೇ ಹಾಕಿ. ಮದುವೆಯಾಗಿ ಪುಣೆಗೋ ಬೆಂಗಳೂರಿಗೋ ಹೋದ ಹೆಣ್ಣುಮಕ್ಕಳು ಹಬ್ಬ ಬಂತೆಂದರೆ ತವರಿನ ಪದ ಹುಡುಕುತ್ತಾರೆ. ಕಲಿತು ಹಾಡಲು ಅವರಿಗೂ ನಾಲ್ಕು ದಿನ ಬೇಕಲ್ವಾ? ಪೂರ್ತಿ ಸಾಹಿತ್ಯವನ್ನು ಕನ್ನಡದಲ್ಲೇ ವಿಡಿಯೊ ಕೆಳಗೆ ಹಾಕಿ. ಶೀರ್ಷಿಕೆಯಲ್ಲಿ ಪದದ ಮೊದಲ ಸಾಲು ಮತ್ತು ಹಬ್ಬದ ಹೆಸರು ಇರಲಿ. ಶಾರ್ಟ್ಸ್‌ಗೆ ಒಂದೇ ನುಡಿ ಸಾಕು.

ದುಡ್ಡು ಕೊಟ್ಟು ಸಬ್‌ಸ್ಕ್ರೈಬರ್‌ಗಳನ್ನು ಕೊಳ್ಳುವುದು ಪೂರ್ತಿ ನಷ್ಟ. ಅವರು ಒಂದು ಹಾಡನ್ನೂ ಕೇಳುವುದಿಲ್ಲ, ಯೂಟ್ಯೂಬ್ ಅಂಥವರನ್ನು ಅಳಿಸಿಯೂ ಹಾಕುತ್ತದೆ.

5. ಮನೆಯವರು ನೋಡಬೇಕಾದದ್ದು

13 ತುಂಬದ ಮಕ್ಕಳಿಗೆ ಸ್ವಂತ ಚಾನೆಲ್ ಬೇಡ. 18 ತುಂಬುವವರೆಗೆ ಪಾಸ್‌ವರ್ಡ್ ಅಮ್ಮನ ಹತ್ತಿರವೂ ಇರಲಿ. ಶಾಲೆಯ ಸಮವಸ್ತ್ರ, ಮನೆ ನಂಬರು, ಫೋನ್ ನಂಬರು ವಿಡಿಯೊದಲ್ಲಿ ಎಲ್ಲೂ ಕಾಣಬಾರದು. ಕಾರ್ಯಕ್ರಮಕ್ಕೆ ಕರೆಯುವವರು ದೊಡ್ಡವರ ಜೊತೆಗೇ ಮಾತಾಡಲಿ. ಜಾಹೀರಾತಿನ ಹಣಕ್ಕೆ 1,000 ಸಬ್‌ಸ್ಕ್ರೈಬರ್ ಜೊತೆಗೆ ವರ್ಷದಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಬೇಕು. ಮೊದಲ ವರ್ಷ ಆ ಲೆಕ್ಕ ಬದಿಗಿಡಿ.

6. ಉತ್ತರ ಬರೆಯುವುದು

ಅಮೆರಿಕದ ಕಂಟ್ರಿ ಸಂಗೀತವೂ ಹಳ್ಳಿ ಹಾಡುಗಳಿಂದಲೇ ಬೆಳೆದದ್ದು. ಗಾಯಕಿ ಟೇಲರ್ ಸ್ವಿಫ್ಟ್ ಶುರು ಮಾಡಿದ್ದು ಅಲ್ಲಿಂದಲೇ. 2006ರಲ್ಲಿ ಮೊದಲ ಆಲ್ಬಂ ಬಂದಾಗ ಆಕೆಗೆ 16 ವರ್ಷ. ಆಗಿನ ಮೈಸ್ಪೇಸ್ ಎಂಬ ಜಾಲತಾಣದಲ್ಲಿ ಕೇಳುಗರು ಬರೆದದ್ದಕ್ಕೆ ಆಕೆ ತಾನೇ ಕೂತು ಉತ್ತರ ಬರೆಯುತ್ತಿದ್ದಳು. ನಮ್ಮ ಮಕ್ಕಳು ಎರಡು ಕೈ ಮುಗಿದ ಚಿತ್ರ ಒತ್ತಿ ಮುಂದೆ ಹೋಗುತ್ತಾರೆ. ಹಾಗೆ ಮಾಡಬೇಡಿ. ಹಾಡು ಹಾಕಿದ ದಿನ ಸಂಜೆ ಅರ್ಧ ಗಂಟೆ ಕೂತು ಒಬ್ಬೊಬ್ಬರಿಗೂ ಬರೆಯಿರಿ. "ನಿಮ್ಮ ಕಡೆ ಈ ಪದ ಹೆಂಗ ಹಾಡ್ತಾರ್ರಿ?" ಎಂದು ಕೇಳಿ. ಕೆಟ್ಟದಾಗಿ ಬರೆದವರಿಗೆ ಉತ್ತರ ಬೇಡ, ಅಳಿಸಿ.

ನವಲಗುಂದದ ಕಡೆಯ ನನ್ನ ವಿದ್ಯಾರ್ಥಿನಿ ಹೋದ ವರ್ಷ ಜೋಕುಮಾರನ ಪದ ಹಾಕಿ ಹೀಗೇ ಕೇಳಿದ್ದಳು. ಸೊಲ್ಲಾಪುರದ ಅಜ್ಜಿಯೊಬ್ಬರು ಮೊಮ್ಮಗನ ಕೈಯಲ್ಲಿ ಬರೆಸಿದರು: "ನಡುವಿನ ಎರಡು ನುಡಿ ಬಿಟ್ಟೀಯಲ್ಲವ್ವ." ಕೆಳಗೆ ಆ ಎರಡೂ ನುಡಿ ಇದ್ದವು. ಅವಳು ಮತ್ತೆ ಕೌದಿ ಕಟ್ಟಿ, ಆ ನುಡಿ ಸೇರಿಸಿ ಪೂರ್ತಿ ಹಾಡಿ ಹಾಕಿದಳು. ಕೆಳಗೆ ಆ ಅಜ್ಜಿಯಿಂದ ಕಲಿತದ್ದು ಎಂದೂ ಬರೆದಳು.