ಕಠಿಣ ಗಣಿತದ ಲೆಕ್ಕಗಳಿಗೆ ಸಹಾಯ ಕೇಳುವ ಕ್ರಮ

ಪ್ರೌಢಶಾಲೆಯ ಕೊನೆಯ ವರ್ಷಕ್ಕೆ ಮತ್ತು ಪದವಿಪೂರ್ವ ತರಗತಿಗಳಿಗೆ ಬಂದಾಗ ಗಣಿತದ ಸ್ವರೂಪವೇ ಬದಲಾಗುತ್ತದೆ. ಅಲ್ಲಿಯವರೆಗೆ ಸೂತ್ರ ನೆನಪಿದ್ದರೆ ಲೆಕ್ಕ ಮುಗಿಯುತ್ತಿತ್ತು. ತ್ರಿಕೋನಮಿತಿ, ಕ್ರಮಯೋಜನೆ ಮತ್ತು ವಿಕಲ್ಪ, ಸಂಭವನೀಯತೆ, ಕಲನಶಾಸ್ತ್ರ ಇವುಗಳಲ್ಲಿ ಸೂತ್ರಗಳೆಲ್ಲ ಬಾಯಿಪಾಠವಾಗಿದ್ದರೂ ಯಾವುದನ್ನು ಎಲ್ಲಿ ಬಳಸಬೇಕೆಂಬುದು ಹೊಳೆಯದೆ ಎಷ್ಟೋ ವಿದ್ಯಾರ್ಥಿಗಳು ಖಾಲಿ ಪುಟದ ಮುಂದೆ ಕುಳಿತುಬಿಡುತ್ತಾರೆ. ಈ ಹಂತದಲ್ಲಿ ಸಹಾಯ ಕೇಳುವುದು ಸಹಜವೂ ಹೌದು, ಅಗತ್ಯವೂ ಹೌದು. ಆದರೆ ‘ಈ ಲೆಕ್ಕ ಬರುತ್ತಿಲ್ಲ, ಮಾಡಿಕೊಡಿ’ ಎಂದವರಿಗೆ ಸಿಗುವುದು ಆ ಲೆಕ್ಕದ ಉತ್ತರ ಮಾತ್ರ. ತಾನು ಯಾವ ಸಾಲಿನಲ್ಲಿ ನಿಂತೆ ಎಂಬುದನ್ನು ತೋರಿಸಿ ಕೇಳಿದವರಿಗೆ, ಅದೇ ಜಾತಿಯ ಮುಂದಿನ ಲೆಕ್ಕಗಳಿಗೂ ಒದಗುವ ತಿಳಿವಳಿಕೆ ಸಿಗುತ್ತದೆ. ಆದ್ದರಿಂದ ಯಾರನ್ನು ಕೇಳಬೇಕು ಎಂಬುದಕ್ಕಿಂತ ಏನನ್ನು ಕೇಳಬೇಕು ಎಂಬುದಕ್ಕೆ ಹೆಚ್ಚು ಸಮಯ ಕೊಡುವುದು ಒಳ್ಳೆಯದು.

ಮೊದಲು ಪ್ರಶ್ನೆಯನ್ನು ಇನ್ನೊಮ್ಮೆ ನಿಧಾನವಾಗಿ ಓದಿ, ದತ್ತಾಂಶವೇನು, ಕಂಡುಹಿಡಿಯಬೇಕಾದದ್ದೇನು, ಷರತ್ತುಗಳೇನು ಎಂಬುದನ್ನು ನಿಮ್ಮದೇ ಮಾತಿನಲ್ಲಿ ಬರೆದುಕೊಳ್ಳಿ. ‘ಕನಿಷ್ಠ’, ‘ಧನ ಪೂರ್ಣಾಂಕ’, ‘ಪುನರಾವರ್ತನೆ ಇಲ್ಲದೆ’ ಎಂಬಂಥ ಪುಟ್ಟ ಪದಗಳನ್ನು ಕಣ್ಣು ಹಾರಿಸಿಕೊಂಡು ಹೋಗುವುದೇ ಅನೇಕ ತೊಡಕುಗಳ ಮೂಲ. ರೇಖಾಗಣಿತವಾದರೆ ಚಿತ್ರವನ್ನು ದೊಡ್ಡದಾಗಿ, ಸ್ಕೇಲು ಹಿಡಿದು ಬರೆಯಿರಿ. ಬಳಿಕ ಕನಿಷ್ಠ ಎರಡು ಬೇರೆ ಬೇರೆ ದಾರಿಗಳಲ್ಲಿ ಪ್ರಯತ್ನಿಸಿ, ತಪ್ಪೆನಿಸಿದ ಪ್ರಯತ್ನವನ್ನೂ ಅಳಿಸದೆ ಉಳಿಸಿಕೊಳ್ಳಿ, ಏಕೆಂದರೆ ಸಹಾಯ ಮಾಡುವವರಿಗೆ ಅತ್ಯಂತ ಉಪಯುಕ್ತವಾದ ಮಾಹಿತಿ ಇರುವುದು ಅಲ್ಲಿಯೇ. ಎಷ್ಟು ಹೊತ್ತು ಒದ್ದಾಡಬೇಕು ಎಂದು ಕೇಳಿದರೆ, ಒಂದು ಲೆಕ್ಕಕ್ಕೆ ಅರ್ಧ ಗಂಟೆಯ ಪ್ರಾಮಾಣಿಕ ಪ್ರಯತ್ನ ಸಾಕು ಎಂಬುದು ನನ್ನ ಅಭಿಪ್ರಾಯ. ಐದು ನಿಮಿಷಕ್ಕೇ ಕೈಚೆಲ್ಲಿದರೆ ಯೋಚನೆ ಬೆಳೆಯುವುದಿಲ್ಲ, ಇಡೀ ಸಂಜೆಯನ್ನು ಒಂದೇ ಲೆಕ್ಕಕ್ಕೆ ಸುರಿದರೆ ಉಳಿದ ಪಾಠ ಹಿಂದೆ ಬೀಳುತ್ತದೆ.

ಪ್ರಯತ್ನ ನಿಂತುಹೋದಾಗ ಲೆಕ್ಕವನ್ನು ಚಿಕ್ಕದು ಮಾಡಿ ನೋಡುವುದು ಬಹಳ ಫಲಕೊಡುವ ಉಪಾಯ, ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ತೋರಿಸುತ್ತೇನೆ. ಐವರು ಹುಡುಗರು ಮತ್ತು ನಾಲ್ವರು ಹುಡುಗಿಯರಲ್ಲಿ 4 ಜನರ ಸಮಿತಿಯನ್ನು ಆರಿಸಬೇಕು, ಕನಿಷ್ಠ ಒಬ್ಬ ಹುಡುಗಿ ಇರಬೇಕು ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳಿ. ಮೊದಲು ಒಬ್ಬ ಹುಡುಗಿಯನ್ನು 4 ವಿಧಗಳಲ್ಲಿ ಆರಿಸಿ, ಉಳಿದ 8 ಜನರಲ್ಲಿ ಮೂವರನ್ನು 56 ವಿಧಗಳಲ್ಲಿ ಆರಿಸಿ, ಎರಡನ್ನೂ ಗುಣಿಸಿ 224 ಎಂದು ಬರೆಯುವುದು ತೀರ ಸಾಮಾನ್ಯ. ಆದರೆ 9 ಜನರಲ್ಲಿ ಯಾವ ಷರತ್ತೂ ಇಲ್ಲದೆ ನಾಲ್ವರನ್ನು ಆರಿಸುವ ವಿಧಗಳೇ 126. ಷರತ್ತು ಹಾಕಿದ ಮೇಲೆ ಸಂಖ್ಯೆ ಅದಕ್ಕಿಂತ ಹೆಚ್ಚಾಗಲು ಸಾಧ್ಯವಿಲ್ಲ. ಎಲ್ಲೋ ತಪ್ಪಾಗಿದೆ ಎಂಬುದು ಇಷ್ಟರಿಂದಲೇ ಖಚಿತವಾಗುತ್ತದೆ, ಎಲ್ಲಿ ಎಂಬುದು ಇನ್ನೂ ತಿಳಿಯದು.

ಈಗ ಅ, ಆ ಎಂಬ ಇಬ್ಬರು ಹುಡುಗಿಯರು, ಕ, ಖ ಎಂಬ ಇಬ್ಬರು ಹುಡುಗರು ಮಾತ್ರ ಇದ್ದಾರೆ, ಕನಿಷ್ಠ ಒಬ್ಬ ಹುಡುಗಿ ಇರುವ ಇಬ್ಬರ ಸಮಿತಿ ಬೇಕು ಎಂದುಕೊಳ್ಳಿ. ಮೇಲಿನ ವಿಧಾನದಂತೆ 2ನ್ನು 3ರಿಂದ ಗುಣಿಸಿದರೆ 6 ಬರುತ್ತದೆ. ಕೈಯಲ್ಲೇ ಪಟ್ಟಿ ಮಾಡಿದರೆ ಅಆ, ಅಕ, ಅಖ, ಆಕ, ಆಖ ಎಂಬ ಐದು ಜೋಡಿಗಳಷ್ಟೇ ಸಿಗುತ್ತವೆ. ಹೆಚ್ಚುವರಿ ಒಂದು ಎಲ್ಲಿಂದ ಬಂತು ಎಂದು ಹುಡುಕಿದರೆ, ಮೊದಲು ಅ ಆಮೇಲೆ ಆ, ಮೊದಲು ಆ ಆಮೇಲೆ ಅ ಎಂದು ಒಂದೇ ಜೋಡಿಯನ್ನು ಎರಡು ಸಲ ಎಣಿಸಿರುವುದು ಕಣ್ಣಿಗೆ ಬೀಳುತ್ತದೆ. ಅಷ್ಟಾದ ಮೇಲೆ ಮೂಲ ಲೆಕ್ಕಕ್ಕೆ ಮರಳಿ, ಒಟ್ಟು 126ರಿಂದ ಹುಡುಗರಷ್ಟೇ ಇರುವ 5 ಸಮಿತಿಗಳನ್ನು ಕಳೆದು 121 ಎಂಬ ಸರಿಯುತ್ತರಕ್ಕೆ ಬರುವುದು ಕಷ್ಟವಲ್ಲ. ಒಂದು ವೇಳೆ ಆ ಕೊನೆಯ ಹೆಜ್ಜೆ ಹೊಳೆಯದೇ ಹೋದರೂ ‘ಎರಡು ಸಲ ಎಣಿಕೆಯಾಗುತ್ತಿದೆ ಎಂದು ಗೊತ್ತಾಯಿತು, ಅದನ್ನು ತಪ್ಪಿಸುವ ಬಗೆ ಹೇಗೆ?’ ಎಂದು ಕೇಳುವಷ್ಟು ದೂರ ನೀವು ಬಂದಿರುತ್ತೀರಿ, ಮತ್ತು ಆ ಪ್ರಶ್ನೆಗೆ ಬಲ್ಲವರು ಯಾರಾದರೂ ಎರಡೇ ಮಾತಿನಲ್ಲಿ ಉತ್ತರಿಸಬಲ್ಲರು.

ಪ್ರಶ್ನೆಯನ್ನು ಬರೆದು ಕಳಿಸುವಾಗ ಲೆಕ್ಕವನ್ನು ಪೂರ್ತಿಯಾಗಿ, ಒಂದು ಪದವನ್ನೂ ಬಿಡದೆ ಕೊಡಿ. ನೀವು ಮಾಡಿದ ಹೆಜ್ಜೆಗಳನ್ನು ಸಾಲುಸಾಲಾಗಿ ಬರೆಯಿರಿ, ಕೊನೆಯಲ್ಲಿ ಸಂಶಯವನ್ನು ಒಂದೇ ವಾಕ್ಯದಲ್ಲಿ ಹೇಳಿ. ಉದಾಹರಣೆಗೆ √(ಕ್ಷ + 5) = ಕ್ಷ − 1 ಎಂಬ ಸಮೀಕರಣದಲ್ಲಿ ಎರಡೂ ಬದಿಯನ್ನು ವರ್ಗ ಮಾಡಿದಾಗ ಬರುವ ವರ್ಗ ಸಮೀಕರಣಕ್ಕೆ 4 ಮತ್ತು −1 ಎಂಬ ಎರಡು ಮೂಲಗಳಿವೆ, ಪುಸ್ತಕದ ಉತ್ತರದಲ್ಲಿ 4 ಮಾತ್ರ ಇರುತ್ತದೆ. ‘ನನ್ನ ಉತ್ತರ ಏಕೆ ತಪ್ಪು?’ ಎಂದು ಕೇಳುವುದಕ್ಕಿಂತ, ‘−1ನ್ನು ಮೂಲ ಸಮೀಕರಣದಲ್ಲಿ ಹಾಕಿದರೆ ಎಡಬದಿ 2, ಬಲಬದಿ −2 ಆಗುತ್ತದೆ, ನನ್ನ ಯಾವ ಹೆಜ್ಜೆ ಈ ಸುಳ್ಳು ಮೂಲವನ್ನು ಒಳಗೆ ತಂದಿತು?’ ಎಂದು ಕೇಳಿ. 2 ಮತ್ತು −2 ಎರಡರ ವರ್ಗವೂ 4 ಆಗುವುದರಿಂದ ವರ್ಗ ಮಾಡುವ ಹೆಜ್ಜೆಯಲ್ಲಿ ಚಿಹ್ನೆಯ ವ್ಯತ್ಯಾಸ ಅಳಿಸಿಹೋಗುತ್ತದೆ ಎಂಬ ವಿವರಣೆ ಆಗ ನೇರವಾಗಿ ಸಿಗುತ್ತದೆ.

ಕೇಳುವುದು ಯಾರನ್ನು ಎಂದರೆ, ಮೊದಲ ಆಯ್ಕೆ ನಿಮಗೆ ಪಾಠ ಮಾಡುವ ಶಿಕ್ಷಕರೇ. ಯಾವ ಅಧ್ಯಾಯ ಆಗಿದೆ, ಯಾವ ವಿಧಾನವನ್ನು ನಿರೀಕ್ಷಿಸಲಾಗಿದೆ ಎಂಬುದು ಅವರಿಗೆ ತಿಳಿದಿರುತ್ತದೆ. ತರಗತಿ ಮುಗಿದ ಗಡಿಬಿಡಿಯಲ್ಲಿ ತಡೆಯುವ ಬದಲು ಅವರಿಗೆ ಬಿಡುವಿರುವ ವೇಳೆಯನ್ನು ಕೇಳಿಕೊಂಡು, ಪ್ರಯತ್ನದ ಪುಟದೊಂದಿಗೆ ಹೋಗಿ, ಪೂರ್ತಿ ಬಿಡಿಸಿ ತೋರಿಸಿ ಎನ್ನದೆ ಒಂದು ಸುಳಿವು ಕೊಡಿ ಎಂದು ಕೇಳಿ. ಅವರು ಲೆಕ್ಕ ಬಿಡಿಸಿಯೇ ತೋರಿಸಿದರೆ ‘ಇಲ್ಲಿ ಈ ಹೆಜ್ಜೆ ಇಡಬೇಕೆಂದು ನಿಮಗೆ ಹೇಗೆ ಹೊಳೆಯಿತು?’ ಎಂದು ತಪ್ಪದೆ ಕೇಳಿ. ಬಿಡಿಸಿದ ಲೆಕ್ಕದಲ್ಲಿ ಕಾಣಿಸದೇ ಇರುವುದು ಅದೊಂದೇ, ಕಲಿಯಬೇಕಾದದ್ದೂ ಅದನ್ನೇ. ಸಹಪಾಠಿಗಳೊಂದಿಗೆ ಕೂತು ಬಿಡಿಸುವುದೂ ಒಳ್ಳೆಯದು, ಆದರೆ ಒಬ್ಬರು ಬರೆದು ಉಳಿದವರು ನಕಲು ಮಾಡುವ ಕೂಟವಾದರೆ ಅದನ್ನು ಬಿಟ್ಟುಬಿಡಿ.

ಯಂತ್ರಗಳ ಸಹಾಯವನ್ನು ದೂರವಿಡಬೇಕಿಲ್ಲ. ಜಿಯೋಜೀಬ್ರಾ, ಡೆಸ್ಮೋಸ್‌ನಂಥ ತಂತ್ರಾಂಶಗಳಲ್ಲಿ ನಕ್ಷೆ ಎಳೆದು ನೋಡಿದರೆ, ಮೇಲಿನ ಸಮೀಕರಣದ ಎರಡು ಬದಿಗಳ ವಕ್ರರೇಖೆ ಮತ್ತು ಸರಳರೇಖೆ ಒಂದೇ ಬಿಂದುವಿನಲ್ಲಿ ಸಂಧಿಸುವುದು ಕಾಣುತ್ತದೆ. ಕ್ಯಾಲ್ಕುಲೇಟರಿನಲ್ಲಿ ಕೋನದ ಮಾನ ಡಿಗ್ರಿಯಲ್ಲಿದೆಯೋ ರೇಡಿಯನ್‌ನಲ್ಲಿದೆಯೋ ಎಂದು ಮೊದಲೇ ನೋಡಿಕೊಳ್ಳಿ. ಕ್ಷ ಸೊನ್ನೆಯ ಸಮೀಪಕ್ಕೆ ಬಂದಾಗ ‘ಸೈನ್ ಕ್ಷ ಭಾಗಿಸು ಕ್ಷ’ ರೇಡಿಯನ್‌ನಲ್ಲಿ 1ರ ಹತ್ತಿರ ಬಂದರೆ, ಡಿಗ್ರಿಯಲ್ಲಿ 0.01745ರ ಹತ್ತಿರ ನಿಲ್ಲುತ್ತದೆ, ಮತ್ತು ಪುಸ್ತಕವೇ ತಪ್ಪೆಂದು ವಿದ್ಯಾರ್ಥಿ ಭಾವಿಸುವಂತಾಗುತ್ತದೆ. ಕೃತಕ ಬುದ್ಧಿಮತ್ತೆಯ ಸಹಾಯಕಗಳು ಹೆಜ್ಜೆಹೆಜ್ಜೆಯಾಗಿ ವಿವರಿಸುತ್ತವಾದರೂ ತಪ್ಪು ಹೆಜ್ಜೆಯನ್ನು ಸರಿ ಹೆಜ್ಜೆಯಷ್ಟೇ ಧೈರ್ಯದಿಂದ ಬರೆಯಬಲ್ಲವು. ಆದ್ದರಿಂದ ಅವುಗಳಿಂದಲೂ ಸುಳಿವನ್ನಷ್ಟೇ ಕೇಳಿ, ಬಂದ ಉತ್ತರವನ್ನು ಮೂಲ ಪ್ರಶ್ನೆಯಲ್ಲಿ ಹಾಕಿ ನೀವೇ ತಾಳೆ ನೋಡಿ.

ಇಂಟಿಗ್ರೇಶನ್ ಲೆಕ್ಕಗಳಲ್ಲಿ ಈ ತಾಳೆ ಇನ್ನೂ ಮುಖ್ಯ, ಏಕೆಂದರೆ ಅಲ್ಲಿ ಸರಿಯಾದ ಉತ್ತರಗಳೂ ಒಂದೇ ರೂಪದಲ್ಲಿ ಇರಬೇಕೆಂದಿಲ್ಲ. ‘2 ಸೈನ್ ಕ್ಷ ಕೊಸೈನ್ ಕ್ಷ’ ಎಂಬುದನ್ನು ಇಂಟಿಗ್ರೇಟ್ ಮಾಡಿದಾಗ ಒಬ್ಬರಿಗೆ ಸೈನ್ ವರ್ಗ, ಇನ್ನೊಬ್ಬರಿಗೆ ಋಣ ಚಿಹ್ನೆಯ ಕೊಸೈನ್ ವರ್ಗ ಬರಬಹುದು. ಎರಡರ ವ್ಯತ್ಯಾಸ ಸದಾ 1 ಎಂಬ ಸ್ಥಿರಾಂಕವೇ ಆದ್ದರಿಂದ, ಸ್ಥಿರಾಂಕವನ್ನು ಕೂಡಿಸಿ ಬರೆದಾಗ ಎರಡೂ ಸರಿ. ಉತ್ತರವನ್ನು ಡಿಫರೆನ್ಶಿಯೇಟ್ ಮಾಡಿ ಮೂಲ ಫಲನ ಮರಳಿ ಬರುತ್ತದೆಯೇ ಎಂದು ನೋಡಿದರೆ ಯಾರನ್ನೂ ಕೇಳುವ ಪ್ರಸಂಗವೇ ಬಾರದು.

ಸಹಾಯ ಸಿಕ್ಕ ದಿನ ಎಲ್ಲವೂ ಅರ್ಥವಾದಂತೆ ತೋರುತ್ತದೆ. ಅದು ನಿಜವೇ ಎಂಬುದು ಗೊತ್ತಾಗುವುದು ಮರುದಿನ ಟಿಪ್ಪಣಿ ಮುಚ್ಚಿಟ್ಟು ಅದೇ ಲೆಕ್ಕವನ್ನು ಖಾಲಿ ಹಾಳೆಯ ಮೇಲೆ ಮೊದಲಿನಿಂದ ಮಾಡಿದಾಗ. ನಂತರ ಷರತ್ತನ್ನು ತುಸು ಬದಲಿಸಿ ನೋಡಿ, ಸಮಿತಿಯ ಲೆಕ್ಕದಲ್ಲಿ ‘ಕನಿಷ್ಠ ಇಬ್ಬರು ಹುಡುಗಿಯರು’ ಎಂದರೆ ಏನಾಗುತ್ತದೆ ಎಂದು ಕೇಳಿಕೊಳ್ಳಿ. ಜೊತೆಗೆ ಪ್ರತಿ ಸಲ ಎಲ್ಲಿ ನಿಂತಿರಿ ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆದಿಡುತ್ತಾ ಹೋದರೆ, ಕೆಲವು ವಾರಗಳಲ್ಲಿ ಒಂದು ಚಿತ್ರ ಮೂಡುತ್ತದೆ. ಕಲನಶಾಸ್ತ್ರ ಕಷ್ಟ ಎಂದುಕೊಂಡಿದ್ದವರ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುವುದು ಭಿನ್ನರಾಶಿಗಳ ಸುಲಭೀಕರಣವೋ ಅಪವರ್ತನವೋ ಆಗಿರುವುದು ಅಪರೂಪವಲ್ಲ. ಹಾಗಿದ್ದರೆ ಮುಂದಿನ ಸಲ ಶಿಕ್ಷಕರ ಬಳಿಗೆ ಹೊಸ ಲೆಕ್ಕವನ್ನು ಒಯ್ಯುವ ಬದಲು ಆ ಪಟ್ಟಿಯನ್ನೇ ಒಯ್ದು, ಕೆಳಗಿನ ತರಗತಿಯ ಯಾವ ಅಧ್ಯಾಯದಿಂದ ಮತ್ತೆ ಆರಂಭಿಸಲಿ ಎಂದು ಕೇಳಿ.