ಭೂಕಂಪದ ತಾರೀಖು ಹೇಳುವ ಮೆಸೇಜ್ ಬಿಡಿ, ಡ್ರಿಲ್ ಮಾಡಿ

'ಇಂಥ ದಿನ, ಇಷ್ಟು ಗಂಟೆಗೆ ಭೂಕಂಪ' ಎಂಬ ಮೆಸೇಜ್ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಹಾಗೆ ಖಚಿತವಾಗಿ ಹೇಳುವ ವಿಧಾನ ಇನ್ನೂ ಇಲ್ಲ. 1975ರಲ್ಲಿ ಚೀನಾದ ಹೈಚೆಂಗ್‌ನಲ್ಲಿ ಜನರನ್ನು ಮೊದಲೇ ಹೊರಗೆ ಕಳಿಸಿದ್ದರು, ನಿಜ. ಅಲ್ಲಿ ಸಣ್ಣ ಕಂಪನಗಳು ಮುಂಚೆಯೇ ಶುರುವಾಗಿದ್ದವು. ಮರುವರ್ಷ ತಾಂಗ್‌ಶಾನ್‌ನಲ್ಲಿ ಎಚ್ಚರಿಕೆಯಿಲ್ಲದೆ ಎರಡು ಲಕ್ಷಕ್ಕೂ ಜಾಸ್ತಿ ಜನ ಸತ್ತರು.

ಅದಕ್ಕೇ ಮನೆಯವರೆಲ್ಲ ಸೇರಿ ಅಭ್ಯಾಸ ಮಾಡಿ: ತಕ್ಷಣ ಮಂಡಿಯೂರಿ, ಗಟ್ಟಿ ಮೇಜಿನ ಕೆಳಗೆ ಸೇರಿ, ಅದರ ಕಾಲು ಹಿಡಿದುಕೊಳ್ಳಿ. ನಡುಗುವಾಗ ಹೊರಗೆ ಓಡಬೇಡಿ. ರಾತ್ರಿಯ ಡ್ರಿಲ್ ಅನ್ನು ಎಲ್ಲರೂ ಮರೆಯುತ್ತಾರೆ, ಅಲ್ವಾ? ಹಾಸಿಗೆಯಲ್ಲಿದ್ದರೆ ಅಲ್ಲೇ ಬೋರಲು ಮಲಗಿ, ದಿಂಬಿನಿಂದ ತಲೆ, ಕುತ್ತಿಗೆ ಮುಚ್ಚಿಕೊಳ್ಳಿ. ಮಂಚದ ಪಕ್ಕ ಟಾರ್ಚ್, ಚಪ್ಪಲಿ ಇರಲಿ. ಕತ್ತಲಲ್ಲಿ ಒಡೆದ ಗಾಜು ಕಾಣುವುದಿಲ್ಲ.