ಮಳೆಗಾಲಕ್ಕೆ ಮೊದಲು ಮನೆಗೊಂದು ಸುತ್ತು ಬನ್ನಿ

ನಾನು ಉಡುಪಿಯ ಆಸ್ಪತ್ರೆಯೊಂದರ ಎಮರ್ಜೆನ್ಸಿಯಲ್ಲಿ ನರ್ಸ್. ಯಾರು, ಎಲ್ಲಿ, ಯಾವಾಗ ಬೀಳುತ್ತಾರೆ ಎನ್ನುವುದಕ್ಕೂ ಒಂದು ಲೆಕ್ಕವಿದೆ. ದುಡಿಯುವ ವಯಸ್ಸಿನ ಗಂಡಸರು ಬೈಕಿನಿಂದ, ಮರದಿಂದ, ಮಾಡಿನಿಂದ ಬೀಳುತ್ತಾರೆ. ಅರವತ್ತು ದಾಟಿದವರು ನಡೆಯುವ ನೆಲದಲ್ಲೇ ಜಾರುತ್ತಾರೆ. ಜಗತ್ತಿನಲ್ಲಿ ಆಕಸ್ಮಿಕ ಗಾಯಗಳಿಂದಾಗುವ ಸಾವಿಗೆ ರಸ್ತೆ ಅಪಘಾತ ಬಿಟ್ಟರೆ ಬೀಳುವುದೇ ದೊಡ್ಡ ಕಾರಣ.

ಅಂಗಳದಿಂದ ಶುರು ಮಾಡಿ. ಬಾವಿಕಟ್ಟೆಯ ಸುತ್ತ, ಒಗೆಯುವ ಕಲ್ಲಿನ ಬಳಿ, ಹಟ್ಟಿಯ ದಾರಿಯಲ್ಲಿ ಜೂನ್ ಮುಗಿಯುವಾಗ ಪಾಚಿ ಕಟ್ಟಿರುತ್ತದೆ. ಅಮ್ಮ ದಿನಾ ಬೆಳಿಗ್ಗೆ ಓಡಾಡುವುದೂ ಅಲ್ಲೇ ಅಲ್ವಾ? ಬ್ಲೀಚಿಂಗ್ ಪುಡಿ ಉದುರಿಸಿ, ಸ್ವಲ್ಪ ಹೊತ್ತು ಬಿಟ್ಟು ಗಟ್ಟಿ ಹಿಡಿಸೂಡಿಯಲ್ಲಿ ತಿಕ್ಕಿ ತೊಳೆಯಿರಿ. ಅದಕ್ಕೆ ಟಾಯ್ಲೆಟ್ ಆಸಿಡ್ ಬೆರೆಸಲೇಬೇಡಿ, ವಿಷಗಾಳಿ ಏಳುತ್ತದೆ. ಪಾಚಿ ಮತ್ತೆ ಬರುತ್ತದೆ, ಮತ್ತೆ ತಿಕ್ಕಬೇಕು. ಅಡಿಕೆ ಮರ ಸೀಳಿ ಹಾಸಿದ್ದರೂ ಅದರ ಮೇಲೂ ಪಾಚಿ ಹಿಡಿಯುತ್ತದೆ. ಅಡಿ ಸವೆದ ಹವಾಯಿ ಚಪ್ಪಲಿಯನ್ನು ಇವತ್ತೇ ಎಸೆಯಿರಿ.

ಬಚ್ಚಲಲ್ಲಿ ಗೋಡೆಗೆ ಡ್ರಿಲ್ ಮಾಡಿದ ಗಟ್ಟಿ ಹಿಡಿಕೆ ಇರಲಿ. ಟವೆಲ್ ಹಾಕುವ ಸರಳು ಮೈಭಾರ ತಡೆಯುವುದಿಲ್ಲ. ಬಿಪಿ ಮಾತ್ರೆ ತಿನ್ನುವವರು ರಾತ್ರಿ ತಟ್ಟನೆ ಏಳದೆ, ಮಂಚದ ಅಂಚಲ್ಲಿ ಸ್ವಲ್ಪ ಕೂತು ಏಳಲಿ.

ತೋಟದ ಮಾತು ನನಗೆ ಜಾಸ್ತಿ ಚಿಂತೆಯದ್ದು. ಅಡಿಕೆಯ ಕೊಳೆರೋಗಕ್ಕೆ ಮರ ಹತ್ತಿ ಬೋರ್ಡೋ ದ್ರಾವಣ ಹೊಡೆಯುವುದು ಮರ ಒದ್ದೆಯಾಗಿರುವ ಕಾಲದಲ್ಲೇ. ಎಷ್ಟು ಪಳಗಿದವರಾದರೂ ಜಾರುತ್ತಾರೆ. ದೋಟಿಯಲ್ಲಿ, ಅಂದರೆ ಉದ್ದದ ಕೋಲಿನಲ್ಲಿ, ನೆಲದಿಂದಲೇ ಹೊಡೆಸಿ. ಆದರೆ ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟ್ ಹರಿಯುತ್ತದೆ, ತಂತಿಯ ಹತ್ತಿರ ಎತ್ತಲೇಬೇಡಿ. ಮಾಡಿಗೆ ಹಾಕಿದ ಹಳೇ ಸಿಮೆಂಟ್ ಶೀಟಿನ ಮೇಲೆ ನೇರ ಕಾಲಿಡಬೇಡಿ. ಏಣಿಯನ್ನು ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡ ಹೊರಗಿಟ್ಟು ನಿಲ್ಲಿಸಿ, ಕೆಳಗೊಬ್ಬರು ಹಿಡಿದಿರಲಿ.

ಬೈಕಿನಲ್ಲಿ ಇಬ್ಬರಿಗೂ ಹೆಲ್ಮೆಟ್, ಪಟ್ಟಿ ಬಿಗಿದೇ ಇರಲಿ. ಹಿಂದೆ ಕೂತು ಕೊಡೆ ಬಿಡಿಸಬೇಡಿ, ಗಾಳಿಗೆ ಆಯ ತಪ್ಪುತ್ತದೆ.

ಇಷ್ಟಾಗಿಯೂ ಯಾರಾದರೂ ಬಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ವಯಸ್ಸಾದವರಿಗೆ ಎದ್ದು ನಿಲ್ಲಲಾಗದೆ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತೆ ಕಂಡರೆ ಸೊಂಟದ ಬಳಿ ಮೂಳೆ ಮುರಿದಿರಬಹುದು. ಮರದಿಂದ ಬಿದ್ದವರನ್ನು ಕೈಕಾಲು ಹಿಡಿದೆತ್ತಿ ರಿಕ್ಷಾಕ್ಕೆ ಹಾಕಬೇಡಿ. ಕುತ್ತಿಗೆ, ಬೆನ್ನು ಅಲುಗದಂತೆ ನೋಡಿಕೊಂಡು 108ಕ್ಕೆ ಫೋನ್ ಮಾಡಿ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರ ತಲೆಗೆ ಪೆಟ್ಟಾದರೆ, ಅವರು ಚೆನ್ನಾಗಿಯೇ ಮಾತಾಡುತ್ತಿದ್ದರೂ ಅವತ್ತೇ ಆಸ್ಪತ್ರೆಗೆ ಕರೆತನ್ನಿ. ಮಾತ್ರೆಯ ಚೀಟಿಯೂ ಜೊತೆಗಿರಲಿ.